ಹಳೆ ಡಿಸ್ಕಿನ ಮನೆ ಒಕ್ಕಲು: ಬಳಕೆಯ ಕೈಪಿಡಿ

ಈ ಕೈಪಿಡಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ಡಿಟಿಪಿ ಅಂಗಡಿಯವರಿಗೆ ಮಾತ್ರ. ಉಳಿದವರು ಹೊಸ ಕಂಪ್ಯೂಟರ್ ಕೊಂಡು ಸುಖವಾಗಿರಿ.

ಬೇಕಾಗುವ ಸಾಮಾನು: ಬೈಂದೂರಿನ ಅಂಗಡಿಯ 40 ಜಿಬಿ ಡಿಸ್ಕ್ ಒಂದು. ಅದರೊಳಗೆ ವಿಂಡೋಸ್ ಎಕ್ಸ್‌ಪಿ, ನುಡಿ, ಪೇಜ್‌ಮೇಕರ್, ಮತ್ತೆ ಊರಿನ ಅರ್ಧ ಮದುವೆಗಳ ಕಾಗದ. ಬ್ರಹ್ಮಾವರದಿಂದ ತಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಪೆಟ್ಟಿಗೆ ಒಂದು, ನಮಗೆ ಅದೇ ಹೊಸದು. ಸ್ಕ್ರೂಡ್ರೈವರ್, ಹಳೆ ಟೂತ್‌ಬ್ರಷ್. ಡಿಸ್ಕನ್ನು ಲುಂಗಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತನ್ನಿ. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕೆ, ನೋಡಲು ಏಳಬೇಡಿ.

ಮೊದಲು ಆಕಾಶ ನೋಡಿ. ಗುಡುಗು ಕೇಳಿದರೆ ಪ್ಲಗ್ಗು ಕಿತ್ತು ಚಾ ಕುಡಿಯಲು ಹೋಗಿ.

ಮುಚ್ಚಳ ಬಿಚ್ಚಿ. ಐದು ಸ್ಕ್ರೂ ಬಿಚ್ಚಿದರೆ ನಾಲ್ಕು ಉಳಿಯುವುದು ಕ್ರಮ. ಡಿಸ್ಕಿನ ಬೆನ್ನಿಗೆ ಅಗಲ ಪಟ್ಟಿಯಂಥ ವಯರು, 40 ಪಿನ್ನಿನದು. ಹೊಸ ಪೆಟ್ಟಿಗೆಯಲ್ಲಿ ಇರುವುದು ಸಾಟಾ. ನಡುವೆ ಅಡಾಪ್ಟರ್ ಬೇಕು, ಜಂಪರ್ ಮಾಸ್ಟರ್ ಜಾಗದಲ್ಲಿರಬೇಕು. ಅಕ್ಕಿಕಾಳಿನಷ್ಟಿರುವ ಈ ಜಂಪರನ್ನು ಫ್ಯಾನಿನ ಕೆಳಗೆ ಕೀಳಬೇಡಿ. ನಾನು ಕಿತ್ತೆ. ಪ್ಲಾಸ್ಟಿಕ್ ಚಾಪೆಯ ಮಡಿಕೆಯಲ್ಲಿ, ಸತ್ತ ಇರುವೆಗಳ ಮಧ್ಯೆ, ಮರುದಿನ ಸಿಕ್ಕಿತು.

ಸ್ವಿಚ್ ಹಾಕಿ. ನೀಲಿ ಪರದೆ, ಕೊನೆಯಲ್ಲಿ 7ಬಿ. ಹೆದರಬೇಡಿ, ಡಿಸ್ಕ್ ಸತ್ತಿಲ್ಲ. ಎಕ್ಸ್‌ಪಿಗೆ ಗೊತ್ತಿರುವುದು ಹಳೆ ಬೋರ್ಡಿನ ನಿಯಂತ್ರಕ ಒಂದೇ. ಹೊಸ ಬೋರ್ಡಿಗೆ ಬೇರೆ ಡ್ರೈವರ್ ಬೇಕು. ಅದು ಡಿಸ್ಕಿನಲ್ಲಿದ್ದರೂ, ಡಿಸ್ಕ್ ಓದಬೇಕಾದರೆ ಮೊದಲು ಅದೇ ಬೇಕು. ಗಂಗೊಳ್ಳಿಗೆ ದಾಟಲು ದೋಣಿ ಬೇಕು, ದೋಣಿಯನ್ನು ಗಂಗೊಳ್ಳಿ ಬದಿಯಲ್ಲೇ ಕಟ್ಟಿಹಾಕಿದ್ದಾರೆ.

ಹಾಗಾಗಿ ಎಲ್ಲವನ್ನೂ ಬಿಚ್ಚಿ ಡಿಸ್ಕನ್ನು ಪುನಃ ಹಳೆ ಪೆಟ್ಟಿಗೆಗೇ ಕೂರಿಸಿ. (ಇದನ್ನು ಮೊದಲೇ ಹೇಳಬೇಕಿತ್ತು. ನನಗೂ ಯಾರೂ ಹೇಳಿರಲಿಲ್ಲ.) ಕೆಪಾಸಿಟರುಗಳ ಹೊಟ್ಟೆ ಉಬ್ಬಿದೆ, ಆದರೂ ಮೂರನೆಯ ಸಲಕ್ಕೆ ಏಳುತ್ತದೆ. ಡಿವೈಸ್ ಮ್ಯಾನೇಜರಿಗೆ ಹೋಗಿ ಐಡಿಇ ನಿಯಂತ್ರಕಕ್ಕೆ ‘ಸ್ಟ್ಯಾಂಡರ್ಡ್’ ಡ್ರೈವರ್ ಹಾಕಿ, ಆರಿಸಿ. ಹೊಸ ಪೆಟ್ಟಿಗೆಯ ಬಯೋಸ್‌ನಲ್ಲಿ ಎಎಚ್‌ಸಿಐ ತೆಗೆದು ಐಡಿಇ ಮಾಡಿ. ಆ ಆಯ್ಕೆಯೇ ಕಾಣದಿದ್ದರೆ ಡಿಸ್ಕಿನ ಪೂರ್ತಿ ನಕಲು ತೆಗೆದು ವರ್ಚುವಲ್‌ಬಾಕ್ಸಿನಲ್ಲಿ ಕೂರಿಸಿ. ಹೊಸ ಕಂಪ್ಯೂಟರಿನೊಳಗೆ ಹಳೆಯದು ಒಂದು ಕಿಟಕಿಯಾಗಿ ಬದುಕುತ್ತದೆ. ಪೆಟ್ಟಿಗೆಯ ಜೊತೆಗೇ ಬಂದ ಎಕ್ಸ್‌ಪಿ ಪರವಾನಗಿ ಆ ಪೆಟ್ಟಿಗೆಗೆ ಮಾತ್ರ ಎಂಬುದು ನೆನಪಿರಲಿ. ಎಕ್ಸ್‌ಪಿಗೆ ಇಂಟರ್ನೆಟ್ ಮಾತ್ರ ಕೊಡಲೇಬೇಡಿ, 2014ರ ಏಪ್ರಿಲ್ 8ಕ್ಕೇ ಅದರ ರಿಪೇರಿ ನಿಂತಿದೆ.

‘ಫೈಲಷ್ಟೇ ಪೆನ್‌ಡ್ರೈವಿಗೆ ಹಾಕಿದ್ರೆ ಆತಿಲ್ಯಾ?’ ಎಂದು ಮನೆಯ ಮಕ್ಕಳು ಕೇಳುತ್ತಾರೆ. ಆತಿಲ್ಲೆ. ಹಳೆ ನುಡಿಯ ಕಡತದಲ್ಲಿ ಕನ್ನಡವೇ ಇಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತ, ಫಾಂಟು ಅದರ ಮೇಲೆ ಕನ್ನಡದ ವೇಷ ಕಟ್ಟುತ್ತದೆ. ಫಾಂಟಿಲ್ಲದ ಕಡೆ ತೆರೆದರೆ ವರನ ಹೆಸರು ಕೊಂಬು, ಟೋಪಿ ಇಟ್ಟುಕೊಂಡ ಇಂಗ್ಲಿಷ್ ಸಾಲಾಗಿ ನಿಲ್ಲುತ್ತದೆ. ಯುನಿಕೋಡಿಗೆ ತಿರುಗಿಸಬಹುದು, ಆದರೆ ಗಣಪತಿಯ ಸುತ್ತ ಕೂರಿಸಿದ ಬಳ್ಳಿ, ‘ಸುಖಾಗಮನ ಬಯಸುವವರು’ ಎಂಬುದರ ಬಾಗು, ಒಂದೂ ಸ್ವಸ್ಥಾನದಲ್ಲಿರುವುದಿಲ್ಲ. ಅದಕ್ಕೇ ಕಡತ, ಫಾಂಟು, ಪೇಜ್‌ಮೇಕರ್, ಎಕ್ಸ್‌ಪಿ ಇಡೀ ಸಂಸಾರವೇ ಹೊರಡಬೇಕು.

ನಮ್ಮದು ಕಿಟಕಿಯಲ್ಲೇ ಎದ್ದಿತು. ಮೊದಲು ತೆರೆದದ್ದು ಮದುವೆ ಕಾಗದ. ಅರ್ಕಾವತ್ತು ಕೂಡ ಜಾಗದಲ್ಲಿತ್ತು. ವಿಳಾಸದಲ್ಲಿ ‘ಬೈಂದೂರು, ಕುಂದಾಪುರ ತಾಲೂಕು’. ಬೈಂದೂರು 2018ರಲ್ಲೇ ಬೇರೆ ತಾಲೂಕಾಯಿತು, ಬ್ರಹ್ಮಾವರವೂ ಉಡುಪಿಯಿಂದ ಬೇರೆಯಾಯಿತು. ಡಿಸ್ಕಿಗೆ ಸುದ್ದಿ ಮುಟ್ಟಿಲ್ಲ. ತಿದ್ದಲು ಹೋದೆ.

‘ಅದ್ ಇರ್ಲಿ, ಒಂದ್ ಪ್ರಿಂಟ್ ಕೊಡಿ ಕಾಂಬ’ ಎಂದರು ಅಂಗಡಿಯವರು.

ಪ್ರಿಂಟರಿನ ವಯರು ಎತ್ತಿದೆ. ತುದಿಯಲ್ಲಿ 25 ಪಿನ್ನು. ಹೊಸ ಪೆಟ್ಟಿಗೆಯ ಬೆನ್ನನ್ನು ಟಾರ್ಚ್ ಹಾಕಿ ಮೂರು ಸಲ ತಡವಿದೆ. ಅಂಥ ಕಂಡಿಯೇ ಇಲ್ಲ.