ಬೊಕೆ ಮಾಮಾ

ರಾಯಬಾಗದಲ್ಲೊಂದು ವಾಸ್ತುಶಾಂತಿ. ಅಂಗಳದಲ್ಲಿ ಶಾಮಿಯಾನ, ಹಿತ್ತಲಲ್ಲಿ ಹುಗ್ಗಿಯ ಕಡಾಯಿ. ಪಡಸಾಲೆಯ ಮೂಲೆಯಲ್ಲಿ ಬಂದವರು ಮಾಡಿದ ಆಯೇರಿಯ ಟೋಪಿ, ಟಾವೆಲ್, ತೆಂಗಿನಕಾಯಿಗಳು ಗುಡ್ಡೆ ಬಿದ್ದಿವೆ. ಹನ್ನೊಂದರ ಸುಮಾರಿಗೆ ಬಾಗಿಲಲ್ಲಿ ಒಂದು ಬೈಕು ನಿಲ್ಲುತ್ತದೆ. ಹುಡುಗನ ಮುಂದೆ, ಪೆಟ್ರೋಲ್ ಟಾಕಿಯ ಮೇಲೆ, ಪ್ಲಾಸ್ಟಿಕ್ ಹಾಳೆ ಹೊದ್ದ ಕೆಂಪು ಗುಲಾಬಿಯ ಬುಟ್ಟಿ ಜಾತ್ರೆಗೆ ಹೊರಟ ಕೂಸಿನಂತೆ ಕೂತಿದೆ. ಹುಡುಗ ಇನ್ನೂ ಸ್ಟ್ಯಾಂಡ್ ಹಾಕಿಲ್ಲ, ಅಡುಗೆಮನೆಯಿಂದ ಅತ್ತಿಯ ದನಿ ಕೇಳುತ್ತದೆ:

"ಬಂದ್ರು ನೋಡ್ರಿ ಮಾಮಾ. ಒಂದು ತಾಟು ಕಡಿಮಿ ಹಾಕ್ರಿ."

ಮಾಮಾ ಬಂದಿಲ್ಲ. ಅವರು ಪಿಂಪ್ರಿ-ಚಿಂಚವಾಡದ ತಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ, ಹೂವಿನ ಅಂಗಡಿಯವನಿಂದ ಫೋಟೋ ಬರುವುದನ್ನೇ ಕಾಯುತ್ತಿದ್ದಾರೆ. ಯಜಮಾನರ ಕೈಗೆ ಬೊಕೆ ಕೊಟ್ಟ ಫೋಟೋ ಬಂದರೆ ಅವರ ಮಟ್ಟಿಗೆ ಕಾರ್ಯ ಮುಗಿಯಿತು, ಊಟವೂ ಆಯಿತು.

ಮಾಮಾ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕಿನಲ್ಲಿ ಬಳಗ ಇದ್ದ ಯಾವ ಮನೆತನಕ್ಕೂ ಇಂಥ ಒಬ್ಬ ಮಾಮಾ ಇದ್ದೇ ಇರುತ್ತಾರೆ. ಅಥಣಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಐಟಿಐ ಮುಗಿಸಿ, ಮಿರಜದಲ್ಲಿ ರೈಲು ಹತ್ತಿ ಪುಣೆಗೆ ಹೋದವರು. ಮೊದಲ ಹತ್ತು ವರ್ಷ ಪ್ರತಿ ಜಾತ್ರೆಗೂ ಬಂದರು, ನಂತರ ಮದುವೆಗಷ್ಟೇ ಬಂದರು, ಆಮೇಲೆ ಸತ್ತಾಗ ಮಾತ್ರ. ಈಗ ಅದಕ್ಕೂ ಬೊಕೆಯಂಥದೇ ಒಂದು ಬಿಳಿ ಹೂವಿನ ಚಕ್ರ ಸಿಗುತ್ತದೆಂದು ಅವರಿಗೆ ಗೊತ್ತಾಗಿದೆ. ಊರು ಎಷ್ಟು ದೂರ ಎಂದು ಆಫೀಸಿನವರು ಕೇಳಿದರೆ "ಹೈವೇ ಐತ್ರಿ, ನಾಲ್ಕೂವರೆ ತಾಸಿನ ದಾರಿ" ಎನ್ನುತ್ತಾರೆ. ಊರಿನವರು ಬಾ ಎಂದರೆ ಅದೇ ದಾರಿ ಎಂಟು ತಾಸಿನದಾಗುತ್ತದೆ.

ದೂರದಿಂದ ಹೂ ಕಳಿಸುವುದು ಮಾಮಾ ಹುಟ್ಟುಹಾಕಿದ ವಿದ್ಯೆಯೇನಲ್ಲ. 1910ರಲ್ಲಿ ಅಮೆರಿಕದ ಕೆಲವು ಹೂವಿನ ವ್ಯಾಪಾರಿಗಳು ಕೂಡಿ ತಂತಿಯ ಮೂಲಕ ಹೂ ಮುಟ್ಟಿಸುವ ಸಂಘವನ್ನೇ ಕಟ್ಟಿದ್ದರು. ಉಪಾಯ ಸರಳ. ಹೂವು ಪ್ರಯಾಣ ಮಾಡಿದರೆ ಬಾಡುತ್ತದೆ, ಆರ್ಡರು ಬಾಡುವುದಿಲ್ಲ. ಇಲ್ಲಿ ಹಣ ಕಟ್ಟಿಸಿಕೊಂಡು, ಅಲ್ಲಿಯ ಅಂಗಡಿಯವನಿಗೆ ತಂತಿ ಹೊಡೆದರೆ, ಅವನು ತನ್ನಲ್ಲಿದ್ದ ತಾಜಾ ಹೂವನ್ನೇ ಕಟ್ಟಿ ಮನೆಗೆ ಮುಟ್ಟಿಸುತ್ತಾನೆ. ನಮ್ಮವರೂ ತಂತಿಗೆ ಹೊಸಬರಲ್ಲ. ಮದುವೆಗೆ ಹೋಗಲಾಗದಿದ್ದರೆ ಅಂಚೆ ಕಚೇರಿಗೆ ಹೋಗಿ, ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ಶುಭಾಶಯದ ವಾಕ್ಯಗಳನ್ನು ಓದಿ, ಅದರ ನಂಬರು ಹೇಳಿ ತಂತಿ ಕೊಡುತ್ತಿದ್ದರು. ಮಾಮಾನ ಅಪ್ಪ ಈ ನಂಬರುಗಳಲ್ಲಿ ಪಂಡಿತರು. 2013ರ ಜುಲೈನಲ್ಲಿ ದೇಶದ ತಂತಿ ಸೇವೆ ನಿಂತುಹೋಯಿತು, ನಂಬರು ಮಾತ್ರ ಉಳಿದುಕೊಂಡಿತು. ಈಗ ಅಂಗಡಿಯವನು ವಾಟ್ಸಾಪಿನಲ್ಲಿ ಹನ್ನೆರಡು ಬೊಕೆಗಳ ಫೋಟೋ ಹಾಕುತ್ತಾನೆ, ಮಾಮಾ "ಏಳನೇ ನಂಬರ್ ಕಳಸ್ರಿ, ಕುಡಚಿಗೆ" ಎನ್ನುತ್ತಾರೆ.

ಆ ಏಳನೇ ನಂಬರಿನಲ್ಲಿ ನೇರಳೆ ಬಣ್ಣದ ಆರ್ಕಿಡ್ ಇರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ.

"ಆರ್ಕಿಡ್ ಇಲ್ರಿ ಮಾಮಾ, ನಿಶಿಗಂಧ ನಡೀತೈತೇನ್?"

"ಫೋಟೋದಾಗ ಇದ್ದಂಗ ಬೇಕೋ ಮಾರಾಯ."

"ಫೋಟೋದಾಗಿನ ಹೂವ ಥಾಯ್ಲೆಂಡಿನಿಂದ ಬರ್ತಾವ್ರಿ. ನಮ್ಮ ಬಸ್ ಮಿರಜ ತನಕ ಅಷ್ಟ."

ಚಿಕ್ಕೋಡಿಯ ಈ ಅಂಗಡಿಯವನೂ ಒಬ್ಬ ಆಸಾಮಿಯೇ. ಅಜ್ಜನ ಕಾಲದಿಂದ ಮನೆಮನೆಗೆ ಹೂವು, ಪತ್ರಿ ಮುಟ್ಟಿಸುತ್ತ ಬಂದ ಹೂಗಾರರ ಮನೆಯವನು. ಮದುಮಗಳ ದಂಡಿ, ದೇವರ ಮಾಲೆ, ಮುಖಂಡರ ಆಳೆತ್ತರದ ಹಾರ, ಮದುವೆ ಕಾರಿನ ಶೃಂಗಾರ ಎಲ್ಲ ಅವನ ಕೈಗೆ ಸಲೀಸು. ಬೊಕೆ ಕಟ್ಟುವುದನ್ನು ಮಾತ್ರ ಫೋನಿನಲ್ಲಿ ಮರಾಠಿ ವಿಡಿಯೋ ನೋಡಿ ಕಲಿತ. ಅವನ ಭಾಷೆಯಲ್ಲಿ ಜಿಪ್ಸೋಫಿಲಾ ಎಂಬ ಸಣ್ಣ ಬಿಳಿ ಹೂವು 'ಜಿಪ್ಸಿ'. ಜರ್ಬೆರಾ ಹತ್ತರ ಕಟ್ಟು, ಗುಲಾಬಿ ಇಪ್ಪತ್ತರ ಕಟ್ಟು. ಕಟ್ಟು ಒಡೆದರೆ ಉಳಿದ ಹೂವಿಗೆ ಗಿರಾಕಿ ಹುಡುಕಬೇಕು. ಅದಕ್ಕೇ ಈ ಕಡೆಯ ಬೊಕೆಗಳಲ್ಲಿ ಹೂವಿನ ಸಂಖ್ಯೆ ಪ್ರೀತಿಗೆ ತಕ್ಕಂತೆ ಇರುವುದಿಲ್ಲ, ಕಟ್ಟಿಗೆ ತಕ್ಕಂತೆ ಇರುತ್ತದೆ.

ಗುಲಾಬಿ ಬರುವುದು ಕೊಲ್ಹಾಪುರ, ಸಾಂಗ್ಲಿ, ಮಿರಜದ ಪೇಟೆಯಿಂದ. ಅದಕ್ಕೂ ಹಿಂದಿನ ಮೂಲ ಹುಡುಕುತ್ತ ಹೋದರೆ ಪುಣೆ ಪಕ್ಕದ ತಳೇಗಾಂವ್, ಮಾವಳದ ಪಾಲಿಹೌಸುಗಳಲ್ಲಿ ನಿಂತರೂ ನಿಂತೀತು. ಪ್ರೇಮಿಗಳ ದಿನಕ್ಕೆ ವಿದೇಶಕ್ಕೂ ಗುಲಾಬಿ ಹೋಗುವ ಜಾಗ ಅದು, ಮಾಮಾನ ಮನೆಯಿಂದ ಗಂಟೆಯ ದಾರಿ ಕೂಡ ಇಲ್ಲ. ಹಾಗಾದರೆ ಮಾಮಾನ ನೆರೆಯ ಗುಲಾಬಿಯೇ ಬಸ್ಸು ಬದಲಿಸಿ ಬದಲಿಸಿ ರಾಯಬಾಗ ಮುಟ್ಟಿದ ಹಾಗಾಯಿತು. ಬರಲಾಗದಿದ್ದವರು ಮಾಮಾ ಒಬ್ಬರೇ. ಅಂಗಡಿಯ ಬೋರ್ಡಿನಲ್ಲಿ ಮಾತ್ರ ಅದು 'ಲೋಕಲ್ ಫ್ರೆಶ್'. ಇದರಲ್ಲಿ ತಪ್ಪು ಹುಡುಕುವ ಹಕ್ಕು ಅಥಣಿಯವರಿಗೆ ಇಲ್ಲ. ಅವರು ಹೊಲಿದ ಚಪ್ಪಲಿ ಜಗತ್ತಿಗೆಲ್ಲ 'ಕೊಲ್ಹಾಪುರಿ'. 2019ರಲ್ಲಿ ಭೌಗೋಳಿಕ ಸೂಚಕದ ಮುದ್ರೆ ಬಿದ್ದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಪಾಲು ಸಿಕ್ಕಿತು, ಹೆಸರು ಕೊಲ್ಹಾಪುರದ್ದೇ ಉಳಿಯಿತು. ಆ ಲೆಕ್ಕದಲ್ಲಿ ಗುಲಾಬಿ ನಮ್ಮದೆಂದರೆ ಯಾರ ಗಂಟು ಹೋಯಿತು?

ಅಂಗಡಿಯವನ ನಂಬರು ಸಿಗುವ ಮೊದಲು ಮಾಮಾ ಒಂದು ದೊಡ್ಡ ಆನ್‌ಲೈನ್ ಕಂಪನಿಯ ಮೂಲಕ ಪ್ರಯತ್ನಿಸಿದ್ದರು. ಹೆಸರು ಬೇಡ. ಕಂಪನಿಯ ಕಂಪ್ಯೂಟರಿಗೆ ಅಥಣಿ ಎಂದರೆ ಬೆಳಗಾವಿ ಜಿಲ್ಲೆ, ಬೆಳಗಾವಿ ಜಿಲ್ಲೆ ಎಂದರೆ ಬೆಳಗಾವಿ ಶಹರ. ಶಹರದ ಅಂಗಡಿಯವನು ಫೋನ್ ಮಾಡಿ, "ಸರ್, ಅಥಣಿ ನಮಗ ನೂರು ಕಿಲೋಮೀಟರ್ ಮ್ಯಾಲ ಆಗ್ತೈತಿ, ಬೊಕೆಗಿಂತ ಡೀಸೆಲ್ ಜಾಸ್ತಿ" ಎಂದು ಕೈ ಎತ್ತಿದ. ಇನ್ನೊಮ್ಮೆ ಚಿಕ್ಕೋಡಿಯ ಭಾವನ ನಿವೃತ್ತಿಗೆ ಕಳಿಸುವಾಗ ನಕ್ಷೆಯಲ್ಲಿ 'ಚಿಕ್ಕೋಡಿ ರೋಡ್' ಎಂದು ಮೊದಲು ಕಂಡದ್ದನ್ನೇ ಒತ್ತಿದರು. ಚಿಕ್ಕೋಡಿ ರೋಡ್ ಎಂಬುದು ಮಿರಜ-ಲೋಂಡಾ ಹಳಿಯ ಮೇಲಿನ ಒಂದು ಸ್ಟೇಷನ್. ಅಲ್ಲಿ ಇಳಿದವರು ಚಿಕ್ಕೋಡಿ ಕಾಣಬೇಕಾದರೆ ಮತ್ತೆ ಬಸ್ಸು ಹತ್ತಬೇಕು. ಭಾವ ಇತ್ತ ಶಾಲು ಹೊದ್ದು ಭಾಷಣ ಕೇಳುತ್ತಿದ್ದಾಗ ಅವರ ಬೊಕೆ ಅತ್ತ ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಕೂತು ಗಾಡಿ ನೋಡುತ್ತಿತ್ತು.

ಬಂದ ಬೊಕೆಯ ಮುಂದಿನ ಬಾಳು ಇನ್ನೂ ರೋಚಕ. ರಾಯಬಾಗದ ಅತ್ತಿ ಅದನ್ನು ಕೋಳಿ ಬಿಡಿಸುವವರ ಶ್ರದ್ಧೆಯಿಂದ ಬಿಡಿಸುತ್ತಾರೆ. ಪ್ಲಾಸ್ಟಿಕ್ ಹಾಳೆ ಶೇಂಗಾ ಹೋಳಿಗೆ ಮುಚ್ಚಲು. ರಿಬ್ಬನ್ ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ. ಬುಟ್ಟಿ ಬಳ್ಳೊಳ್ಳಿಗೆ. ಹೂವು ಜಗಲಿಗೆ ಏರಬೇಕು, ಆದರೆ ಮೂಗಿಗೆ ಹಿಡಿದ ಮೇಲೆ ಅತ್ತಿಯ ಮುಖ ಸಪ್ಪಗಾಗುತ್ತದೆ. "ವಾಸನಿನ ಇಲ್ಲದ ಹೂವ ದೇವರಿಗೆ ಹ್ಯಾಂಗ ಏರಸೂದು? ಎರಡ ಮೊಳ ಮಲ್ಲಿಗಿ ಕಳಸಿದ್ರ ಮುಡಿತಿದ್ದೆ." ಅತ್ತಿಯ ಮೂಗು ಸುಳ್ಳು ಹೇಳುವುದಿಲ್ಲ. ಉದ್ದ ಕಾಂಡ, ಹೂದಾನಿಯಲ್ಲಿ ಬಹುದಿನದ ಬಾಳಿಕೆ, ಪೆಟ್ಟಿಗೆಯಲ್ಲಿ ನಲುಗದ ಗಟ್ಟಿತನ ಇವನ್ನೇ ನೋಡಿ ನೋಡಿ ತಳಿ ಬೆಳೆಸಿದ್ದರಿಂದ ಪೇಟೆಯ ಗುಲಾಬಿ ಪರಿಮಳ ಕಳೆದುಕೊಂಡಿದೆ.

ಕೊನೆಗೆ ಉಳಿಯುವುದು ಬುಡದ ಹಸಿರು ಇಟ್ಟಿಗೆ. 1954ರಲ್ಲಿ ಅಮೆರಿಕದ ಒಹಾಯೋದಲ್ಲಿ ಸ್ಮಿದರ್ಸ್ ಎಂಬಾತ ತಯಾರಿಸಿದ ಈ ಓಯಸಿಸ್ ಎಂಬ ಸ್ಪಂಜು ತನ್ನ ತೂಕದ ಎಷ್ಟೋ ಪಟ್ಟು ನೀರು ಕುಡಿಯುತ್ತದೆ. ಸೊಸೆ ಅದನ್ನು ಹೊಸ ಥರದ ಸಾಬೂನೆಂದು ತಿಳಿದು ಪಾತ್ರೆ ತಿಕ್ಕಿದಳು, ಪಾತ್ರೆಗಿಂತ ಬೇಗ ಇಟ್ಟಿಗೆಯೇ ಸವೆಯಿತು. ಎರಡನೆಯ ಬೊಕೆ ಬಂದಾಗ ಅತ್ತಿ ಅದರಲ್ಲಿ ಕೊತ್ತಂಬರಿ ಬೀಜ ಊರಿದರು.

ಎಲ್ಲ ಸರಿ, ಗಂಟು ಬೀಳುವುದು ಆಯೇರಿಯ ವಹಿಯಲ್ಲಿ. ಈ ಕಡೆಯ ಮನೆಗಳಲ್ಲಿ ಯಾರು ಏನು ಮಾಡಿದರೆಂದು ಬರೆದಿಡುವ ಒಂದು ವಹಿ ಇರುತ್ತದೆ, ಹೊಲದ ಉತಾರಕ್ಕಿಂತ ಜೋಪಾನವಾಗಿ. ಯಾರು ಸೀರೆ ಉಡಿಸಿದರು, ಯಾರು ಹೆಸರು ಕೊರೆಸಿದ ತಂಬಿಗೆ ಕೊಟ್ಟರು, ಯಾರು ಟೋಪಿ-ಟಾವೆಲ್‌ನಲ್ಲಿ ಮುಗಿಸಿದರು, ಎಲ್ಲದಕ್ಕೂ ಅಲ್ಲಿ ಸಾಲಿದೆ. ಅವರ ಮನೆಯ ಕಾರ್ಯಕ್ಕೆ ಹೊರಡುವಾಗ ವಹಿ ತೆಗೆದು ನೋಡಿ, ಬಂದಷ್ಟನ್ನು ತಿರುಗಿ ಮಾಡುವುದು ರೀತಿ. ಬೊಕೆಯನ್ನು ಹೇಗೆ ಬರೆಯುವುದು? ಹೆಸರು ಕೊರೆಯಲು ಬರುವುದಿಲ್ಲ, ಮೂರು ದಿನದ ಮೇಲೆ ಸಾಕ್ಷಿಯೂ ಉಳಿಯುವುದಿಲ್ಲ. ಅತ್ತಿ ಬಹಳ ಯೋಚಿಸಿ ಮೊಮ್ಮಗಳಿಂದ ಬರೆಸಿದ ಸಾಲು ಹೀಗಿದೆ: "ಪುಣೆ ಮಾಮಾ. ಹೂವ. ಬಾಡ್ಯಾವ."

ಮಾಮಾನ ಬೊಕೆ ಬಳಗಕ್ಕೆ ಮಾತ್ರ ಹೋಗುತ್ತದೆಂದು ತಿಳಿಯಬಾರದು. ಊರಿನ ಹೊಲದ ಉತಾರದಲ್ಲಿ ಅವರ ಹೆಸರು ಕೂಡಿಸುವ ಕೆಲಸವೊಂದು ಬಾಕಿ ಇರುವುದರಿಂದ ಹೊಸ ತಹಸೀಲ್ದಾರರು ಬಂದಾಗಲೆಲ್ಲ ಒಂದು 'ಸ್ವಾಗತ' ಹೋಗುತ್ತದೆ. ಮೊದಲು ಖರ್ಚು ಕಡಿಮೆ ಇತ್ತು. 2018ರ ಹೊತ್ತಿಗೆ ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರೆ ತಾಲ್ಲೂಕುಗಳಾದವು. ಆಡಳಿತ ಜನರ ಹತ್ತಿರ ಬಂತು ಎಂದು ಎಲ್ಲರೂ ಅಂದರು. ಹೂಗಾರ ಮಾತ್ರ, ಸಾಹೇಬರ ಕುರ್ಚಿ ಹೆಚ್ಚಾದವು ಎಂದು ಸರಿಯಾಗಿ ಲೆಕ್ಕ ಹಾಕಿದ.

ಅವನ ಲೆಕ್ಕಕ್ಕೆ ಏಟು ಬಿದ್ದದ್ದು ಮೇಲಿನಿಂದ. 2017ರ ಜುಲೈನಲ್ಲಿ ಪ್ರಧಾನಿಯವರಿಗೆ ರಾಜ್ಯಗಳಲ್ಲಿ ಬೊಕೆ ಕೊಡುವುದು ಬೇಡ, ಕೊಡಲೇಬೇಕಾದರೆ ಒಂದೇ ಹೂವಿನ ಜೊತೆ ಖಾದಿ ಕರವಸ್ತ್ರವೋ ಪುಸ್ತಕವೋ ಕೊಡಿ ಎಂದು ಕೇಂದ್ರದ ಗೃಹ ಸಚಿವಾಲಯ ಪತ್ರ ಬರೆಯಿತು. ಪ್ರಧಾನಿ ಚಿಕ್ಕೋಡಿಯ ಅಂಗಡಿಯ ಗಿರಾಕಿಯಲ್ಲ, ಹಾಗಾಗಿ ಅದು ನಾಟಲಿಲ್ಲ. 2021ರ ಆಗಸ್ಟ್‌ನಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ಹೊಸದರಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಹಾರ-ತುರಾಯಿ, ಹೂಗುಚ್ಛ, ಶಾಲು ನಿಲ್ಲಿಸಿ ಕನ್ನಡ ಪುಸ್ತಕ ಕೊಡಿ ಎಂಬ ಆದೇಶ ಬಂತು, ಹೂ ಬೆಳೆಗಾರರು ಸಿಟ್ಟಿಗೆದ್ದರು. 2023ರ ಮೇನಲ್ಲಿ ಸಿದ್ದರಾಮಯ್ಯನವರೂ ಹಾರ, ಶಾಲು ಒಲ್ಲೆ, ಪುಸ್ತಕ ಕೊಡಿ ಎಂದರು. ಪಕ್ಷ ಬೇರೆಯಾದರೂ ಇದೊಂದರಲ್ಲಿ ಇಬ್ಬರದೂ ಒಂದೇ ಮಾತು. ಮಾಮಾ ಕಾಲಕ್ಕೆ ತಕ್ಕವರು, ಕೂಡಲೇ ಫೋನ್ ಮಾಡಿದರು: "ಈ ಸಲ ಸಾಹೇಬ್ರಿಗೆ ಪುಸ್ತಕ ಕಳಸು."

"ಯಾವ್ ಪುಸ್ತಕರಿ?"

"ಯಾವುದರ. ಕೆಂಪು ರಟ್ಟಿಂದು, ಹನ್ನೆರಡು."

ಹೂಗಾರ ಎರಡು ಪುಸ್ತಕ ತಂದು, ಸುತ್ತ ಜಿಪ್ಸಿ ಸಿಗಿಸಿ, ರಿಬ್ಬನ್ ಕಟ್ಟಿ ಮುಟ್ಟಿಸಿದ. ಆದೇಶವೂ ಉಳಿಯಿತು, ಅಂಗಡಿಯೂ ಉಳಿಯಿತು. ಉತಾರದ ಕೆಲಸ ಅಲ್ಲೇ ಇದೆ.

ಮಾಮಾನ ಬೊಕೆಗಳಲ್ಲಿ ಜನ ಮೆಚ್ಚಿದ್ದು ಒಂದೇ. 2025ರ ಫೆಬ್ರುವರಿ ಕೊನೆಯಲ್ಲಿ ಬೆಳಗಾವಿಯ ಹತ್ತಿರ ಬಸ್ ಕಂಡಕ್ಟರ್ ಮೇಲೆ ಭಾಷೆಯ ಕಾರಣಕ್ಕೆ ಹಲ್ಲೆಯಾಗಿ, ಎರಡೂ ರಾಜ್ಯಗಳ ನಡುವೆ ಸರ್ಕಾರಿ ಬಸ್ಸು ನಿಂತವು. ಬಸ್ಸು ನಿಂತರೆ ಅದರಲ್ಲಿ ಬರುವ ಪೆಟ್ಟಿಗೆಯೂ ನಿಂತ ಹಾಗೆ. ಕಾಗವಾಡದ ತಂಗಿಯ ಮನೆಯ ಸೀಮಂತಕ್ಕೆ ಹೇಳಿದ್ದ ಗುಲಾಬಿ ಮಿರಜ ದಾಟಲಿಲ್ಲ. ಅಷ್ಟು ಹತ್ತಿರದ ಮಿರಜ ಅವತ್ತು ಥಾಯ್ಲೆಂಡಿನಷ್ಟು ದೂರವಾಯಿತು. ಹೂಗಾರ ಪಕ್ಕದ ತೋಟದ ಸೇವಂತಿ, ಚೆಂಡುಹೂವು, ಒಂದಿಷ್ಟು ಮಲ್ಲಿಗೆ ತಂದು ಬುಟ್ಟಿ ಕಟ್ಟಿದ. ಅವತ್ತು ಫೋಟೋ ತೆಗೆಯಲು ಬೊಕೆಯೇ ಉಳಿದಿರಲಿಲ್ಲ. ಹೆಂಗಸರು ಮುಡಿದು, ದೇವರಿಗೆ ಏರಿಸಿ, ಬಸುರಿಯ ತುರುಬಿಗೆ ಕಟ್ಟಿ ಮುಗಿಸಿಬಿಟ್ಟಿದ್ದರು. ಮಾಮಾ ಫೋಟೋ ಇಲ್ಲವೆಂದು ಅರ್ಧ ಹಣ ಹಿಡಿದರು.

ಕಳೆದ ಬೇಸಿಗೆಯಲ್ಲಿ ಮಾಮಾ ಮಗಳ ಮದುವೆಯನ್ನು ನಿಪ್ಪಾಣಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಇಟ್ಟುಕೊಂಡರು. ಪುಣೆಯ ಗೆಳೆಯರಿಗೂ ಹೈವೇ, ಊರಿನವರಿಗೂ ಹತ್ತಿರ. ಬಳಗದವರು ಬೊಕೆ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ, ಊಟದ ತಾಟು ಕಡಿಮೆ ಸಾಕು ಎಂದು ಅಡುಗೆಯವರಿಗೆ ಹೇಳಿದ್ದರು. ವಹಿ ನೋಡಿದರೆ ಅತ್ತಿಯೂ ಒಂದು ಬೊಕೆ ಕಳಿಸಿ ಬಸ್ ಚಾರ್ಜು ಉಳಿಸಬಹುದಿತ್ತು. ಆದರೆ ಬೆಳಿಗ್ಗೆ ಎಂಟಕ್ಕೆ ಕಾರ್ಯಾಲಯದ ಮುಂದೆ ಟೆಂಪೋಗಳು ನಿಲ್ಲತೊಡಗಿದವು. ಅಥಣಿಯವರು ಬಂದರು, ಕುಡಚಿಯವರು ಬಂದರು, ಕಾಗವಾಡದ ತಂಗಿ ಕೂಸು ಎತ್ತಿಕೊಂಡು ಬಂದಳು. ಮಾಮಾನಿಗೆ ಕೇಸರಿ ಫೇಟಾ ಸುತ್ತಿದರು, ಟೋಪಿ-ಟಾವೆಲ್-ಕಾಯಿ ಕೊಟ್ಟರು, ಮತ್ತೆ ಕೊಟ್ಟರು. ಎರಡು ಸಲ ಅಕ್ಕಿ ಹಾಕಿ ಅನ್ನ ಮಾಡಬೇಕಾಯಿತು. ಬೊಕೆ ಬಂದದ್ದು ಒಂದೇ ಒಂದು, ಪುಣೆಯ ಮ್ಯಾನೇಜರ್ ಕಳಿಸಿದ್ದು.

ಸಂಜೆ ಮಾಮಾನ ಹೆಂಡತಿ ಕೂತು ಹೊಸ ವಹಿ ಬರೆದರು. ಪುಟ ತುಂಬಿ ಪುಟ ತಿರುಗಿತು. ಬಂದವರ ಮನೆಗೆಲ್ಲ ಇನ್ನು ತಾವೂ ಹೋಗಿ ತಿರುಗಿ ಮಾಡಬೇಕು. ಚಿಂಚಲಿಯಲ್ಲಿ ಜಾವಳ, ಐನಾಪುರದಲ್ಲಿ ಮದುವೆ, ಸದಲಗಾದಲ್ಲಿ ವಾಸ್ತು. ಮಾಮಾ ಫೇಟಾ ತೆಗೆದಿಟ್ಟು, ತಲೆ ತುರಿಸಿ, ಹೂಗಾರನಿಗೆ ಫೋನ್ ಹಚ್ಚಿದರು.

"ತಮ್ಮಾ, ಟೋಪಿ-ಟಾವೆಲ್ ಡೆಲಿವರಿ ಮಾಡ್ತಿಯೇನೋ?"

ಮಾಡುತ್ತಾನೆ. ಹಿಂದಿನ ದಿನ ಸಂಜೆಯೊಳಗೆ ಹೇಳಬೇಕು, ಹಣ ಮೊದಲು ಹಾಕಬೇಕು, ವಿಳಾಸದಲ್ಲಿ ಚಿಕ್ಕೋಡಿ ರೋಡ್ ಎಂದು ಬರೆಯಬಾರದು.