ಲಕ್ಷ್ಮಿಗೆಂದು ತೆರೆದಿಟ್ಟ ಬಾಗಿಲು

ಪಂಚಾಂಗ ಬರೆಯುವವರಿಗೂ ಅಮೆರಿಕದ ಕ್ಯಾಲೆಂಡರ್ ಅಚ್ಚುಹಾಕುವವರಿಗೂ ಮಾತುಕತೆ ಇಲ್ಲ. ಇದ್ದಿದ್ದರೆ 2024ರ ಅಕ್ಟೋಬರ್ 31ರಂಥ ಗುರುವಾರ ನ್ಯೂಜೆರ್ಸಿಯ ತಾಯಂದಿರ ತಲೆಯ ಮೇಲೆ ಬಂದು ಕೂರುತ್ತಿರಲಿಲ್ಲ. ಅಂದು ಬೆಳಗಿನ ಜಾವ ನರಕ ಚತುರ್ದಶಿ. ಭಾರತದಲ್ಲಿ ಮಧ್ಯಾಹ್ನದ ಮೇಲೆ ಹಿಡಿದ ಅಮಾವಾಸ್ಯೆ ನಮ್ಮಲ್ಲಿ ಬೆಳ್ಳಂಬೆಳಗ್ಗೆಯೇ ಹಿಡಿದುಬಿಟ್ಟಿತ್ತು. ಊರಿನವರು ಲಕ್ಷ್ಮೀಪೂಜೆ ಗುರುವಾರವೋ ಶುಕ್ರವಾರವೋ ಎಂದು ವಾಟ್ಸಾಪಿನಲ್ಲಿ ವಾದ ಮಾಡುತ್ತಿದ್ದರೆ, ನಮಗೆ ಆ ಸುಖವೂ ಇರಲಿಲ್ಲ. ಗುರುವಾರ ಸಂಜೆಯೇ ಗತಿ. ಅದೇ ಸಂಜೆ ಹ್ಯಾಲೋವಿನ್. ಮಾರನೆಯ ದಿನ ರಾಜ್ಯೋತ್ಸವ, ಶನಿವಾರ ಬಲಿಪಾಡ್ಯಮಿ, ಭಾನುವಾರ ನಸುಕಿಗೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುವ ಸರ್ಕಾರಿ ಹಬ್ಬ. ಮನೆಯಲ್ಲಿ ಏಳು ವರ್ಷದ ಪುಟ್ಟಿ, ನಾಲ್ಕು ವರ್ಷದ ಪುಟ್ಟ, ಆರು ತಿಂಗಳ ಮಟ್ಟಿಗೆ ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ನಮ್ಮತ್ತೆ. ಉಳಿದವರನ್ನು ಲೆಕ್ಕಕ್ಕೆ ಹಿಡಿಯುವ ಅಗತ್ಯವಿಲ್ಲ. ನಮ್ಮ ಯಜಮಾನರೂ ಹಾಗೇ ಹೇಳುತ್ತಾರೆ.

ವಾರದ ಮೊದಲ ಭಾಗವೆಲ್ಲ ವೇಷದ ಚಿಂತೆಯಲ್ಲೇ ಕಳೆಯಿತು. ಪುಟ್ಟನಿಗೆ ಕಸದ ಲಾರಿ ಆಗಬೇಕಿತ್ತು. ಕಸದ ಲಾರಿಯ ಡ್ರೈವರ್ ಅಲ್ಲ, ಲಾರಿಯೇ. ನಮ್ಮ ಬೀದಿಗೆ ವಾರಕ್ಕೊಮ್ಮೆ ಬಂದು ಡಬ್ಬಿಗಳನ್ನು ಕಬ್ಬಿಣದ ಕೈಯಲ್ಲಿ ಎತ್ತಿ ಬೋರಲು ಹಾಕುವ ಆ ವಾಹನ ಅವನ ಇಷ್ಟದೈವ. ಡಯಾಪರ್ ಬಂದಿದ್ದ ರಟ್ಟಿನ ಪೆಟ್ಟಿಗೆಗೆ ಹಸಿರು ಬಣ್ಣ ಬಳಿದು, ಪೇಪರ್ ಪ್ಲೇಟಿನ ದೀಪ ಅಂಟಿಸಿದ್ದಾಯಿತು. ಅತ್ತೆ ಕೃಷ್ಣನ ವೇಷಕ್ಕೆಂದು ಊರಿನಿಂದ ತಂದಿದ್ದ ನವಿಲುಗರಿ ಕಸದ ಲಾರಿಯ ನೆತ್ತಿಯ ಮೇಲೆ ಸೇರಿತು. ಯಾರ ಮನಸ್ಸನ್ನೂ ನೋಯಿಸಬಾರದಲ್ಲ.

ಪುಟ್ಟಿಗೆ ರಾಜಕುಮಾರಿಯರು ಹಿಡಿಸುವುದಿಲ್ಲ. ಹಿಂದಿನ ವರ್ಷ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಒನಕೆ ಓಬವ್ವ ಆಗಿದ್ದವಳು, ಹ್ಯಾಲೋವಿನ್ನಿಗೂ ಅದೇ ಎಂದು ಹಟ ಹಿಡಿದಳು. (ಸಂಘದ ರಾಜ್ಯೋತ್ಸವ ನವೆಂಬರ್ ಒಂದಕ್ಕೆ ಆಗುವುದಿಲ್ಲ, ಹಾಲ್ ಬಾಡಿಗೆಗೆ ಸಿಕ್ಕ ಶನಿವಾರವೇ ಕರ್ನಾಟಕ ಏಕೀಕರಣಗೊಂಡ ದಿನ.) ಸೀರೆ ಸಿದ್ಧ, ಕಚ್ಚೆ ಸಿದ್ಧ. ಶಾಲೆಯ ಸುತ್ತೋಲೆಯಲ್ಲಿ ಮಾತ್ರ ಒಂದು ಸಾಲು ಇತ್ತು: ಮುಖವಾಡ ಬೇಡ, ರಕ್ತ ಬೇಡ, ಆಯುಧ ಬೇಡ, ಆಯುಧದಂತೆ ಕಾಣುವ ಆಟಿಕೆಯೂ ಬೇಡ. ಒನಕೆ ಆಯುಧವೇ? ರಾತ್ರಿ ಊಟದ ಮೇಜಿನಲ್ಲಿ ಇದರ ವಿಚಾರಣೆ ನಡೆಯಿತು. ಅದು ಅಡುಗೆಮನೆ ಸಾಮಾನು ಎಂದು ಯಜಮಾನರು. ಗಿಫ್ಟ್ ಪೇಪರಿನ ಒಳಗಿನ ರಟ್ಟಿನ ಕೊಳವೆ ಎಂದು ನಾನು. ಕೈಯಲ್ಲಿ ಹಿಡಿದವರ ಮೇಲೆ ಹೋಗುತ್ತೆ ಎಂದು ಅತ್ತೆ. ಕೊನೆಗೆ, ಇದು ನಮ್ಮ ಕಡೆ ಭತ್ತ ಕುಟ್ಟುವ ಸಾಧನ ಎಂದು ಟೀಚರಿಗೆ ಇಮೇಲ್ ಬರೆದೆವು. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರಿಗೆ ಆದ ವಿಷಯ ಬರೆಯಲಿಲ್ಲ. ಟೀಚರಿಗೆ ಬಹಳ ಖುಷಿಯಾಗಿ, ಹಾಗಾದರೆ ಮಗು ಬುಧವಾರವೇ ಅದನ್ನು ತಂದು ತರಗತಿಗೆ ಎರಡು ಮಾತು ಹೇಳಲಿ ಎಂದರು.

ಪುಟ್ಟಿ ಹೇಳಿದಳು. ಎರಡು ಮಾತಲ್ಲ, ಪೂರ್ತಿ ಹೇಳಿದಳು. ಗಂಡ ಊಟಕ್ಕೆ ಕೂತದ್ದು, ನೀರಿಗೆ ಹೋದದ್ದು, ಕಿಂಡಿಯಲ್ಲಿ ಒಂದೊಂದೇ ತಲೆ ತೂರಿ ಬಂದದ್ದು, ಹೊಡೆದದ್ದು, ಎಳೆದು ಪಕ್ಕಕ್ಕಿಟ್ಟದ್ದು, ಮುಂದಿನವರಿಗೆ ಕಾದದ್ದು. ಅಭಿನಯಸಹಿತ. ಒನಕೆ ಆ ಮಧ್ಯಾಹ್ನವೇ ಕಾಗದದ ಚೀಲದಲ್ಲಿ ಸುತ್ತಿಕೊಂಡು ಮನೆಗೆ ಬಂತು.

ಅವತ್ತೇ ನೀರು ತುಂಬುವ ಹಬ್ಬ. ಊರಲ್ಲಾದರೆ ಬಚ್ಚಲ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಾಗಲ ಬಳ್ಳಿ ಕಟ್ಟುತ್ತಾರೆ. ಇಲ್ಲಿನ ಹಂಡೆ ಬೇಸ್‌ಮೆಂಟಿನ ಮೂಲೆಯಲ್ಲಿ ನಿಂತಿರುವ 50 ಗ್ಯಾಲನ್ನಿನ ಗ್ಯಾಸ್ ವಾಟರ್ ಹೀಟರ್. ನೀರು ಅದೇ ತುಂಬಿಕೊಳ್ಳುತ್ತದೆ, ಭಕ್ತರಿಗೆ ಕೆಲಸವಿಲ್ಲ. ಅತ್ತೆ ಅದರ ಹೊಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಸುತ್ತ ರಂಗೋಲಿ ಎಳೆದು, ಬಳ್ಳಿ ಹುಡುಕಿಕೊಂಡು ಹಿತ್ತಲಿಗೆ ಹೋದರು. ಬೇಲಿಯ ಓಕ್ ಮರಕ್ಕೆ ಒಂದು ಬಳ್ಳಿ ಹಬ್ಬಿ ಕೆಂಪಗೆ ಕಾಯ್ದ ಹಾಗೆ ನಿಂತಿತ್ತು. ಅದೂ ಮೂರು ಮೂರು ಎಲೆ. ಬಿಲ್ವಪತ್ರೆಯ ಲಕ್ಷಣವೇ ಇದೆಯಲ್ಲ ಎಂದು ಅತ್ತೆ ಕೈಚಾಚುವಷ್ಟರಲ್ಲಿ ಕಸದ ಲಾರಿ ಚೀರುತ್ತಾ ಅಡ್ಡ ನುಗ್ಗಿತು. ಮೂರೆಲೆ ಕಂಡರೆ ಮುಟ್ಟಬಾರದು ಎಂಬುದನ್ನು ಇಲ್ಲಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಾರೆ. ಅದು ಪಾಯ್ಸನ್ ಐವಿ. ಮಾವು, ಗೇರುಗಳ ಕುಟುಂಬದ್ದೇ. ಮಾವಿನ ಸೊನೆ ತಾಗಿ ತುಟಿ ಹುಣ್ಣಾಗುತ್ತದಲ್ಲ, ಅದನ್ನು ಹತ್ತುಪಟ್ಟು ಮಾಡಿ ಮೈಗೆಲ್ಲ ಹಚ್ಚುವ ಎಣ್ಣೆ ಅದರಲ್ಲಿದೆ. ಶರತ್ಕಾಲದಲ್ಲಿ ಕಣ್ಣಿಗೆ ಚಂದ ಕಾಣುವುದೂ ಅದೇ. ಅತ್ತೆ ದೂರದಿಂದಲೇ ಅದನ್ನು ನೋಡಿ, "ನೆಂಟಳೇ, ಅಲ್ಲೇ ಇರು" ಎಂದು ಒಳಗೆ ಬಂದರು. ಹೀಟರಿಗೆ ಕೊನೆಗೆ ಬಿದ್ದದ್ದು ನಾನು ಮುಂಬಾಗಿಲಿನ ಮೆಟ್ಟಿಲ ಮೇಲೆ ಶೋಭೆಗೆಂದು ಕೊಂಡಿಟ್ಟಿದ್ದ ಕುಂಡದ ಸೇವಂತಿಗೆ. ಮುಡಿಯುವುದಕ್ಕೂ ಅಲ್ಲದೆ ದೇವರಿಗೂ ಅಲ್ಲದೆ ಮನೆ ಮನೆಯ ಮುಂದೆ ಇಷ್ಟೊಂದು ಸೇವಂತಿಗೆ ಒಣಗಿಸುವ ಜನರ ಬಗ್ಗೆ ಅತ್ತೆಗೆ ಮೊದಲಿನಿಂದಲೂ ಅನುಮಾನವಿತ್ತು.

ಗುರುವಾರ ಐದಕ್ಕೆ ಎಬ್ಬಿಸಿ ಎಣ್ಣೆಸ್ನಾನ. ಬಾತ್‌ಟಬ್ಬನ್ನು ಕಂಡುಹಿಡಿದವನು ಮೈತುಂಬ ಎಣ್ಣೆ ಬಳಿದುಕೊಂಡ ನಾಲ್ಕು ವರ್ಷದ ಮಗುವನ್ನು ನೋಡಿರಲಾರ. ಹಿಡಿದರೆ ಜಾರುತ್ತದೆ, ಬಿಟ್ಟರೆ ಓಡುತ್ತದೆ. ಸೀಗೆಪುಡಿ ಕಣ್ಣಿಗೆ ಹೋಗಿ ಎದ್ದ ಕೂಗಿಗೆ ಪಕ್ಕದ ಮನೆಯ ದೀಪ ಹೊತ್ತಿತು. ನರಕಾಸುರ ಸತ್ತದ್ದು ಹೀಗೇ ಎಂದು ಅತ್ತೆ ಸಮಾಧಾನ ಹೇಳಿದರು. ಇಷ್ಟಾಗಿ, ಅಂದು ಮಧ್ಯಾಹ್ನ ಶಾಲೆಯ ಮೆರವಣಿಗೆಯಲ್ಲಿ ಒಂದು ಮಗುವಿನ ಮುಖದ ಮೇಲೂ ಬಣ್ಣ ಕದಲಿರಲಿಲ್ಲ, ನಮ್ಮ ಲಾರಿಯ ಕೆನ್ನೆಯ ಹಸಿರು ಮಾತ್ರ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಊರಿನ ಗಾಣದ ಕೊಬ್ಬರಿ ಎಣ್ಣೆಯ ಮೇಲೆ ಅಮೆರಿಕದ ಯಾವ ಬಣ್ಣವೂ ನಿಲ್ಲುವುದಿಲ್ಲ.

ಇನ್ನು ಸಂಜೆ. ಬೇರೆ ವರ್ಷಗಳಲ್ಲಿ ಹ್ಯಾಲೋವಿನ್ ವೇಷ ಅಂದರೆ ಜಾಕೆಟ್ಟು; ಒಳಗೆ ಯಾರು ಏನಾಗಿದ್ದಾರೆ ಎಂಬುದು ತಾಯಿಗೆ ಮಾತ್ರ ಗೊತ್ತು. ಆ ವರ್ಷ ಅಕ್ಟೋಬರ್ ಇಡೀ ನ್ಯೂಜೆರ್ಸಿಯ ಬಹುಪಾಲು ಕಡೆ ಅಳೆಯಲೂ ಸಿಗದಷ್ಟು ಮಳೆ, ಮೇಲೆ ಅವತ್ತು 80 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನ ಬಿಸಿಲು. ಬೀದಿಗೆ ಬೀದಿಯೇ ಹೊರಗೆ ಬಂದಿತ್ತು. ಇಲ್ಲಿ ಒಂದು ಅಲಿಖಿತ ನಿಯಮವಿದೆ: ಮುಂಬಾಗಿಲ ದೀಪ ಉರಿಯುತ್ತಿದ್ದರೆ ಆ ಮನೆಯಲ್ಲಿ ಮಿಠಾಯಿ ಉಂಟು, ಆರಿಸಿದ್ದರೆ ಇಲ್ಲ. ನಾವು ಮೆಟ್ಟಿಲಿನಿಂದ ಬೀದಿಯವರೆಗೆ ಸಾಲುದೀಪ ಹಚ್ಚಿದ್ದೆವು. ಲಕ್ಷ್ಮಿ ಬರುವ ಹೊತ್ತು ಬಾಗಿಲು ಹಾಕಬಾರದು ಎಂದು ಅತ್ತೆ ಎರಡೂ ಬಾಗಿಲು ಹಾರು ಹೊಡೆದಿದ್ದರು. ಆ ಬೀದಿಯಲ್ಲಿ ಮಿಠಾಯಿಗೆ ಅಷ್ಟು ಗಟ್ಟಿ ಆಶ್ವಾಸನೆ ಕೊಟ್ಟ ಇನ್ನೊಂದು ಮನೆ ಇರಲಿಲ್ಲ.

ಮೊದಲು ಬಂದದ್ದು ಒಂದು ಅಸ್ಥಿಪಂಜರ. ಅತ್ತೆ ಕಳಶಕ್ಕೆ ಕುಂಕುಮ ಏರಿಸುತ್ತಿದ್ದವರು ಕತ್ತೆತ್ತಿ ನೋಡಿ, ಮಂತ್ರ ನಿಲ್ಲಿಸದೆ ನನಗೆ ಕಣ್ಸನ್ನೆ ಮಾಡಿದರು. ಆಮೇಲೆ ಇಬ್ಬರು ಮಾಟಗಾತಿಯರು, ಒಬ್ಬ ರಕ್ತಪಿಶಾಚಿ, ಡೈನೋಸಾರ್ ಹೊಟ್ಟೆಯೊಳಗಿಂದ ಮುಖ ಹಾಕಿದ ಒಂದು ಕೂಸು. ಅಷ್ಟೋತ್ತರದ ನಡುನಡುವೆ ಕರೆಗಂಟೆ. "ಧನಲಕ್ಷ್ಮ್ಯೈ ನಮಃ" ಅನ್ನುವಾಗ ಒಂದು ಜೋಂಬಿ ಕೈಯೊಡ್ಡಿ ನಿಂತಿತ್ತು. ಬರೀಗೈಯಲ್ಲಿ ಕಳಿಸಬೇಡ, ಇವತ್ತು ಯಾರ ರೂಪದಲ್ಲಿ ಬರುತ್ತಾಳೋ ಎಂದರು ಅತ್ತೆ.

ಚಾಕೊಲೆಟ್ ಮುಗಿಯುತ್ತ ಬಂದಾಗ ಅವರು ಚಕ್ಕುಲಿ ಡಬ್ಬಿ ತಂದಿಟ್ಟರು. ನಾನು ಹೌಹಾರಿದೆ. ಈ ದೇಶದಲ್ಲಿ ಅಂಗಡಿಯ ಸೀಲು ಇಲ್ಲದ ತಿಂಡಿಯನ್ನು ಯಾವ ತಾಯಿಯೂ ಮಗುವಿಗೆ ತಿನ್ನಲು ಬಿಡುವುದಿಲ್ಲ. ಅದು ಹೋಗಲಿ, ಚಕ್ಕುಲಿಗೆ ಎಳ್ಳು ಬಿದ್ದಿದೆ. 2023ರ ಆರಂಭದಿಂದ ಎಳ್ಳು ಇಲ್ಲಿ ಲೇಬಲ್ಲಿನ ಮೇಲೆ ಕಡ್ಡಾಯವಾಗಿ ಹೆಸರಿಸಬೇಕಾದ ಒಂಬತ್ತನೆಯ ಅಲರ್ಜಿ ಪದಾರ್ಥ. ಶೇಂಗಾ ಮೊದಲಿನಿಂದಲೂ ಪಟ್ಟಿಯಲ್ಲಿದೆ, ಹಾಗಾಗಿ ಪುಟ್ಟಿಯ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿಗೆ ಪ್ರವೇಶವಿಲ್ಲ. ತೆಂಗಿನಕಾಯಿಯನ್ನೂ ಅಮೆರಿಕದ ಆಹಾರ ಇಲಾಖೆ ಬಾದಾಮಿ ಗೋಡಂಬಿಗಳ ಸಾಲಿನಲ್ಲೇ ಕೂರಿಸಿತ್ತು. ಕೈಬಿಟ್ಟದ್ದು 2025ರ ಜನವರಿಯಲ್ಲಿ. ಅಂದರೆ ಆ ಸಂಜೆಯ ಮಟ್ಟಿಗೆ ನಮ್ಮ ದೇವರ ಮುಂದಿನ ಕಳಶದ ಮೇಲೆ ಕೂತಿದ್ದದ್ದೂ ಒಂದು ಅಲರ್ಜಿ ಪದಾರ್ಥವೇ. ಇದನ್ನೆಲ್ಲ ವಿವರಿಸಿದ ಮೇಲೆ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಆ ಮಕ್ಕಳು ಏನು ತಿಂದು ಇಷ್ಟು ಎತ್ತರ ಬೆಳೀತವೆ?" ಚಕ್ಕುಲಿ ಒಳಗೆ ಹೋಯಿತು. ಯಜಮಾನರು ಆಫೀಸಿನ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದ ಚಾಕೊಲೆಟ್ ಹೊರಗೆ ಬಂತು. ಲಕ್ಷ್ಮಿಯ ಮಹಿಮೆ.

ನಮ್ಮ ಇಬ್ಬರೂ ಬೀದಿ ಸುತ್ತಲು ಹೋಗಿದ್ದರು. ಮನೆ ಮನೆಯಲ್ಲೂ ಪುಟ್ಟಿಯನ್ನು ನೀನು ಯಾರಮ್ಮ ಎಂದು ಕೇಳಿದರಂತೆ. ಕಿಂಡಿಯ ಕತೆ ಹೇಳಿದಳಂತೆ. ಎಲ್ಲರೂ ಒಂದರ ಬದಲು ಎರಡು ಚಾಕೊಲೆಟ್ ಕೊಟ್ಟು ಬೇಗ ಬಾಗಿಲು ಹಾಕಿಕೊಂಡರಂತೆ. ಕಸದ ಲಾರಿಗೆ ಯಾರೂ ಏನೂ ಕೇಳಲಿಲ್ಲ; ಅದು ಮಾತ್ರ ಪ್ರತಿ ಮನೆಯಲ್ಲೂ ಹಿಂದೆ ಹಿಂದೆ ನಡೆಯುತ್ತ ಬೀಪ್ ಬೀಪ್ ಎನ್ನುತ್ತ ಮೆಟ್ಟಿಲಿಳಿಯಿತು.

ರಾತ್ರಿ ಸುರುಸುರುಬತ್ತಿ. ನ್ಯೂಜೆರ್ಸಿಯಲ್ಲಿ ಅದಕ್ಕೆ ಕಾನೂನು ಅಸ್ತು ಅಂದದ್ದೇ 2017ರಲ್ಲಿ. ಹಿತ್ತಲ ತುಂಬ ಒಣಗಿದ ಎಲೆ ಇದ್ದದ್ದರಿಂದ ಯಜಮಾನರು ಒಂದು ಬಕೆಟ್ ನೀರು, ತೋಟದ ಪೈಪು, ಫೋನಿನಲ್ಲಿ ಅಗ್ನಿಶಾಮಕದವರ ನಂಬರು ಹಿಡಿದು ನಿಂತರು. ಪೇರಿಸಬೇಕಾದ ಎಲೆಯನ್ನು ಪೇರಿಸದೇ ಬಿಟ್ಟವರೂ ಅವರೇ.

ಶುಕ್ರವಾರ ದೀಪಾವಳಿಗೆಂದು ಶಾಲೆಗೆ ರಜೆ. ನದಿಯಾಚೆ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೂ ಅದೇ ವರ್ಷ ಮೊದಲ ಬಾರಿ ದೀಪಾವಳಿ ರಜೆ ಸಿಕ್ಕಿತ್ತು. ಕಂಪನಿಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ನಾನು ಮೀಟಿಂಗಿನಲ್ಲಿ, ಮಕ್ಕಳು ಚಾಕೊಲೆಟ್ ಹಂಚಿಕೆಯ ಜಗಳದಲ್ಲಿ. ರಾಜ್ಯೋತ್ಸವವಾದ್ದರಿಂದ ಇವತ್ತು ಜಗಳ ಕನ್ನಡದಲ್ಲೇ ಆಗಬೇಕು ಎಂದು ಅತ್ತೆ ಆಜ್ಞೆ ಹೊರಡಿಸಿದರು. ಮಕ್ಕಳ ಹತ್ತಿರ ಸಾಕಷ್ಟು ಸರಕಿಲ್ಲದೆ ಜಗಳ ತಣ್ಣಗಾಗುತ್ತಿತ್ತು. ಅತ್ತೆ ತೀರ್ಥಹಳ್ಳಿಯ ದಾಸ್ತಾನಿನಿಂದ ಸರಬರಾಜು ಮಾಡಿ ಅದನ್ನು ಮಧ್ಯಾಹ್ನದವರೆಗೂ ನಡೆಸಿದರು. ಮ್ಯೂಟ್ ಒತ್ತಲು ನಾನು ತಡಮಾಡಿದ ಒಂದು ಕ್ಷಣದಲ್ಲಿ "ಬೋಳಿಮಗನೇ" ಎಂಬುದು ಕ್ಯಾಲಿಫೋರ್ನಿಯಾದವರೆಗೂ ಕೇಳಿಸಿತು. ಅಲ್ಲಿಂದ ಒಬ್ಬರು ಪ್ರತ್ಯೇಕ ಮೆಸೇಜ್ ಕಳಿಸಿದರು: ಹುಬ್ಬಳ್ಳಿಯವರಂತೆ, ರಾಜ್ಯೋತ್ಸವದ ಶುಭಾಶಯ.

ಶನಿವಾರ ನಮ್ಮ ಕಡೆಯವರ ದೊಡ್ಡಹಬ್ಬದ ಗೋಪೂಜೆ. ಮೊನ್ನೆ ಒಬ್ಬ ಅಸುರನನ್ನು ಕೊಂದು, ಇಂದು ಇನ್ನೊಬ್ಬ ಅಸುರನನ್ನು ಹಬ್ಬದೂಟಕ್ಕೆ ಕರೆಯುವ ಧಾರಾಳತನ ನಮ್ಮವರದು. ವರ್ಷಕ್ಕೊಮ್ಮೆ ಬಂದು ಹೋಗುವ ಬಲೀಂದ್ರನ ವೀಸಾಕ್ಕಿಂತ ತಮ್ಮದು ಉದ್ದವಿದೆ ಎಂದು ಅತ್ತೆಗೆ ಹೆಮ್ಮೆ. ಆದರೆ ಹಸು? ವಿಡಿಯೋ ಕರೆಯಲ್ಲಿ ಊರಿನ ಕೊಟ್ಟಿಗೆ ತೋರಿಸೋಣ ಎಂದರು ಯಜಮಾನರು. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಾಚೆ ಎರಡು ಜಿಂಕೆ. ಪುಟ್ಟಿ ಕಣ್ಣು ಮೂಗು ಕೊರೆದಿಟ್ಟಿದ್ದ ಕುಂಬಳಕಾಯಿಯನ್ನು ಕಿವಿಯ ಕಡೆಯಿಂದ ತಿನ್ನುತ್ತಿದ್ದವು. ಕೊರೆದ ಕುಂಬಳಕಾಯಿಯಲ್ಲಿ ಹುಳಿ ಮಾಡುತ್ತೇನೆ ಎಂದು ಹೊಂಚುಹಾಕಿದ್ದ ಅತ್ತೆಗೆ ಮೊದಲು ಸಿಟ್ಟೇ ಬಂತು. (ಆ ದೊಡ್ಡ ಕಾಯಿ ನೋಡಲು ಮಾತ್ರ, ಬೇಯಿಸಿದರೆ ನಾರು ಮತ್ತು ನೀರು. ಹುಳಿಗೆ ಪುಟಾಣಿ ಜಾತಿಯೇ ಬೇರೆ.) ಆಮೇಲೆ ಅವರು ಒಂದು ಗಳಿಗೆ ಯೋಚಿಸಿದರು. ನಾಲ್ಕು ಕಾಲು ಇದೆ, ಗೊರಸು ಇದೆ, ಮೆಲುಕು ಹಾಕುತ್ತದೆ. ಕಿಟಕಿ ತೆರೆದು ಆರತಿ ಎತ್ತಿದರು. ಜಿಂಕೆಗಳು ಓಡಲಿಲ್ಲ, ನ್ಯೂಜೆರ್ಸಿಯ ಜಿಂಕೆಗಳು ಯಾವುದಕ್ಕೂ ಓಡುವುದಿಲ್ಲ. ಕೊರಳಿಗೆ ಹಾರ ಹಾಕಿ ಬರುತ್ತೇನೆ ಎಂದು ಹೊರಟವರನ್ನು ನಾನು ಸೆರಗು ಹಿಡಿದು ನಿಲ್ಲಿಸಿದೆ. ಜಿಂಕೆ ಓಡಾಡುವಲ್ಲಿ ಉಣ್ಣೆ ಇರುತ್ತದೆ, ಉಣ್ಣೆ ಕಚ್ಚಿದರೆ ಲೈಮ್ ಕಾಯಿಲೆ; ಕನೆಕ್ಟಿಕಟ್ಟಿನ ಒಂದು ಊರಿನ ಹೆಸರೇ ಆ ಕಾಯಿಲೆಗೆ ಬಿದ್ದಿದೆ. "ನಮ್ಮ ಕಡೆ ಮಂಗನ ಕಾಯಿಲೆ ತರೋದೂ ಉಣ್ಣೆಯೇ, ನಂಗೊತ್ತಿಲ್ವಾ" ಎಂದರು ಅತ್ತೆ. ಮಲೆನಾಡಿನವರ ಮುಂದೆ ಉಣ್ಣೆಯ ಪಾಠ ಹೇಳಬಾರದು. ಹಾರವನ್ನು ಕಿಟಕಿಯಿಂದಲೇ ಎಸೆದರು. ಜಿಂಕೆ ಅದನ್ನೂ ತಿಂದಿತು.

ಭಾನುವಾರ ನಸುಕು ಎರಡಕ್ಕೆ ಗಂಟೆ ಒಂದಾಯಿತು. ನವೆಂಬರಿನ ಮೊದಲ ಭಾನುವಾರಕ್ಕೆ ಈ ಶಾಸ್ತ್ರ ಬಂದದ್ದು 2007ರಿಂದ. ಅದಕ್ಕೂ ಮುಂಚೆ ಅಕ್ಟೋಬರಿನಲ್ಲೇ ಮುಗಿಯುತ್ತಿತ್ತು. ಒಂದು ಗಂಟೆ ಹೆಚ್ಚು ನಿದ್ದೆ ಸಿಗುತ್ತದೆ ಎಂದು ಪ್ರತಿ ವರ್ಷ ಟಿವಿಯಲ್ಲಿ ನಗುನಗುತ್ತ ಹೇಳುವವರಿಗೆ ಮಕ್ಕಳಿರುವುದಿಲ್ಲ. ಮಕ್ಕಳು ಸೂರ್ಯವಂಶದವರು. ಹೊಸ ಲೆಕ್ಕದ ಐದು ಗಂಟೆಗೆ ಕಸದ ಲಾರಿ ನನ್ನ ಹೊಟ್ಟೆಯ ಮೇಲೆ ನಿಂತಿತ್ತು. ಕೆಳಗೆ ಅತ್ತೆ ಆಗಲೇ ಎದ್ದು, ಊರಿನ ಸಮಯಕ್ಕೇ ಇಟ್ಟುಕೊಂಡ ಕೈಗಡಿಯಾರವನ್ನೂ ಗೋಡೆ ಗಡಿಯಾರವನ್ನೂ ಹೊಂದಿಸಿ ನೋಡುತ್ತ ಕೂತಿದ್ದರು. "ನಿನ್ನೆ ರಾತ್ರಿ ಮಲಗುವಾಗ ತೀರ್ಥಹಳ್ಳಿ ಒಂಬತ್ತೂವರೆ ಗಂಟೆ ದೂರ ಇತ್ತು. ಏಳೋದರೊಳಗೆ ಹತ್ತೂವರೆ ಮಾಡಿದಾರೆ. ಯಾರನ್ನ ಕೇಳಿ ಮಾಡಿದ್ರು?"

ಮುಂದಿನ ವಾರದ ಕ್ಯಾಲೆಂಡರ್ ಫ್ರಿಜ್ಜಿನ ಮೇಲಿತ್ತು. ಮಂಗಳವಾರ ಅಧ್ಯಕ್ಷರ ಚುನಾವಣೆ, ಶಾಲೆಯೇ ಮತಗಟ್ಟೆ, ರಜೆ. ಗುರುವಾರ, ಶುಕ್ರವಾರ ನ್ಯೂಜೆರ್ಸಿಯ ಶಿಕ್ಷಕರೆಲ್ಲ ಅಟ್ಲಾಂಟಿಕ್ ಸಿಟಿಯ ಸಮಾವೇಶಕ್ಕೆ, ರಜೆ. ಅತ್ತೆ ಬೆರಳು ಮಡಿಸಿ ಎಣಿಸಿದರು.

"ಹಾಗಾದರೆ ಸ್ಕೂಲು ಇರೋದು ಸೋಮವಾರ, ಬುಧವಾರ ಮಾತ್ರ."

"ಹೌದು."

"ಆ ಎರಡು ದಿನ ನೀನು ಆಫೀಸಿಗೆ ರಜೆ ಹಾಕಿ ಮಲಗಿಬಿಡು."

ಸೋಮವಾರಕ್ಕೆ ಆಗಲೇ ಅರ್ಜಿ ಹಾಕಿದೆ. ಕಾರಣ ಎಂಬ ಜಾಗದಲ್ಲಿ, ಮಕ್ಕಳಿಗೆ ಶಾಲೆ ಇದೆ ಎಂದು ಬರೆದೆ.