ರೂಲ್ ರಾಯರು

ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಯಾವ ಕಂಪನಿಯೊಳಕ್ಕೆ ಹೊಕ್ಕರೂ ಒಬ್ಬ ರೂಲ್ ರಾಯರು ಸಿಗುತ್ತಾರೆ. ಹುದ್ದೆ ಬೇರೇನೋ ಇರುತ್ತದೆ: ಟೆಸ್ಟ್ ಲೀಡ್, ಪ್ರಾಜೆಕ್ಟ್ ಕೋಆರ್ಡಿನೇಟರ್, ಐಟಿ ಸಪೋರ್ಟ್. ಎಂದೋ ಒಂದು ದಿನ ಯಾರೋ ಅವರಿಗೆ ಜಿರಾದ ಅಡ್ಮಿನ್ ಪರ್ಮಿಷನ್ ಕೊಟ್ಟಿರುತ್ತಾರೆ. ಕೊಟ್ಟವರು ಕೆಲಸ ಬಿಟ್ಟು ಹೋಗಿರುತ್ತಾರೆ, ಪರ್ಮಿಷನ್ ಮಾತ್ರ ಉಳಿದಿರುತ್ತದೆ.

ಮಾತಿನಿಂದಲೇ ರಾಯರ ಗುರುತು ಹತ್ತುತ್ತದೆ. ಕ್ಯಾಂಟೀನಿನಲ್ಲಿ ಸಾಂಬಾರು ಮುಗಿದಿದ್ದರೆ ಉಳಿದವರು ಗೊಣಗಿ ಚಟ್ನಿ ಹಾಕಿಸಿಕೊಳ್ಳುತ್ತಾರೆ. ರಾಯರು ತಟ್ಟೆ ಕೆಳಗಿಟ್ಟು, "ಇದಕ್ಕೊಂದು ರೂಲ್ ಹಾಕಿಬಿಡೋಣ" ಅನ್ನುತ್ತಾರೆ.

ಸಿಡ್ನಿಯ ಅಟ್ಲಾಸಿಯನ್ ಕಂಪನಿ 2002ರಲ್ಲಿ ಹೊರತಂದ ಜಿರಾ, ಮೊದಲಿಗೆ ಸಾಫ್ಟ್‌ವೇರಿನ ಬಗ್ಗುಗಳ ಜಾಡು ಹಿಡಿಯುವ ಸಲಕರಣೆ. ಈಗ ಲ್ಯಾಪ್‌ಟಾಪ್ ಕೇಳುವುದಕ್ಕೂ ಟಿಕೆಟ್, ಕುರ್ಚಿಯ ಚಕ್ರ ಕಿತ್ತುಹೋದರೂ ಟಿಕೆಟ್. ಈ ಟಿಕೆಟ್ಟುಗಳಿಗೆ ದಾರಿ ತೋರಿಸುವ ಆಟೊಮೇಷನ್ ರೂಲಿಗೆ ಮೂರು ಅಂಗ: ಟ್ರಿಗರ್, ಕಂಡೀಷನ್, ಆ್ಯಕ್ಷನ್. ಇಂಥದ್ದು ಆದಾಗ, ಹೀಗಿದ್ದರೆ, ಹೀಗೆ ಮಾಡು. ಕೋಡ್ ಬರೆಯುವ ರಗಳೆಯಿಲ್ಲ. ಪರದೆಯ ಮೇಲಿನ ಡಬ್ಬಿಗಳನ್ನು ಆರಿಸಿ ಜೋಡಿಸಿದರೆ ಮುಗಿಯಿತು. ಅಷ್ಟು ಸುಲಭವಾಗಿರುವುದೇ ಎಡವಟ್ಟಿಗೆ ಮೂಲ.

ಬಿಲ್ಲಿನ ರೂಲನ್ನೇ ನೋಡಿ. ಹತ್ತು ಸಾವಿರಕ್ಕಿಂತ ಕಡಿಮೆಯಿದ್ದರೆ ಟೀಮ್ ಲೀಡ್ ಒಪ್ಪಿದರೆ ಸಾಕು, ಹೆಚ್ಚಿದ್ದರೆ ಮ್ಯಾನೇಜರ್ ಒಪ್ಪಬೇಕು ಅಂತ ರಾಯರು ಕಂಡೀಷನ್ ಹಾಕಿದರು. ಕೆಲವು ದಿನ ಸುಸೂತ್ರವಾಗಿ ನಡೆಯಿತು. ಆಮೇಲೆ ಟೀಮ್ ಔಟಿಂಗಿನ ಬಿಲ್ ಬಂತು, ಸರಿಯಾಗಿ ಹತ್ತು ಸಾವಿರ ರೂಪಾಯಿ. ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಎರಡಕ್ಕೂ ಸೇರದ ಟಿಕೆಟ್ ಯಾರ ಮುಂದೆಯೂ ಹೋಗದೆ ನಿಂತಲ್ಲೇ ನಿಂತಿತು. ಕೈಯಿಂದ ದುಡ್ಡು ಹಾಕಿದ್ದ ಹುಡುಗ ವಾರಗಟ್ಟಲೆ ಕಾದು ಕೇಳಿದಾಗ ರಾಯರಿಗೆ ಲೋಪ ಹೊಳೆಯಿತು. ಕೂಡಲೇ "ಅಥವಾ ಸಮ" ಅಂತ ಸೇರಿಸಿದರು. ಎರಡೂ ರೂಲಿಗೆ ಸೇರಿಸಿದರು. ಮುಂದಿನ ಹತ್ತು ಸಾವಿರದ ಬಿಲ್ಲಿಗೆ ಇಬ್ಬರೂ ಅಪ್ರೂವಲ್ ಕೊಟ್ಟು, ಅಕೌಂಟ್ಸಿಗೆ ಎರಡು ಸಲ ಪೇಮೆಂಟ್ ರಿಕ್ವೆಸ್ಟ್ ಹೋಯಿತು. ಅಷ್ಟರಲ್ಲಿ ಆಫೀಸು ತನ್ನ ದಾರಿ ತಾನು ಕಂಡುಕೊಂಡಿತ್ತು: ಎಲ್ಲರ ಬಿಲ್ಲೂ 9,999 ರೂಪಾಯಿಗೆ ಬಂದು ನಿಲ್ಲತೊಡಗಿತು.

ಆದರೆ ರಾಯರ ನಿಜವಾದ ಕುರುಕ್ಷೇತ್ರ 'ಥ್ಯಾಂಕ್ಯೂ'. ಮುಗಿದ ಟಿಕೆಟ್ಟಿನ ಮೇಲೆ ಗ್ರಾಹಕ ಮತ್ತೆ ಏನಾದರೂ ಬರೆದರೆ ಅದು ತಾನಾಗಿ ರೀಓಪನ್ ಆಗಬೇಕು ಅನ್ನುವುದು ನ್ಯಾಯವಾದ ರೂಲೇ. ಪ್ರಿಂಟರ್ ರಿಪೇರಿಯಾಯಿತು, ಟಿಕೆಟ್ ಕ್ಲೋಸ್ ಆಯಿತು, ಗ್ರಾಹಕ ಸಜ್ಜನಿಕೆಯಿಂದ "ಥ್ಯಾಂಕ್ಯೂ" ಅಂತ ಬರೆದ. ಟಿಕೆಟ್ ಎದ್ದು ಕೂತಿತು. ಸಪೋರ್ಟಿನ ಹುಡುಗಿ ಮತ್ತೆ ಕ್ಲೋಸ್ ಮಾಡಿದಳು. "ನಿಮ್ಮ ಟಿಕೆಟ್ ಮುಗಿದಿದೆ" ಅಂತ ಮೇಲ್ ಹೋಯಿತು. ಗ್ರಾಹಕ, "ಓಕೆ, ಥ್ಯಾಂಕ್ಸ್." ಮತ್ತೆ ಎದ್ದಿತು.

ರಾಯರು ತೋಳು ಮಡಚಿದರು. ಕಮೆಂಟಿನಲ್ಲಿ 'ಥ್ಯಾಂಕ್' ಇದ್ದರೆ ರೀಓಪನ್ ಮಾಡಬೇಡ ಅಂದರು. ಮರುದಿನವೇ ಒಬ್ಬರು, "ಥ್ಯಾಂಕ್ಸ್, ಆದ್ರೆ ಪ್ರಿಂಟರ್ ಇನ್ನೂ ಕೆಲಸ ಮಾಡ್ತಿಲ್ಲ" ಅಂತ ಬರೆದರು. ಟಿಕೆಟ್ ಏಳಲಿಲ್ಲ. ಅವರು ಮೂರು ಸಲ ಬರೆದರು, ಮೂರು ಸಲವೂ ಮರ್ಯಾದೆಯಿಂದ 'ಥ್ಯಾಂಕ್ಸ್' ಸೇರಿಸಿಯೇ ಬರೆದರು. ನಾಲ್ಕನೆಯ ಸಲ ರೇಗಿ ಬೈದ ಮೇಲೆ ಟಿಕೆಟ್ ಎದ್ದಿತು. ಈಗ ಕಂಡೀಷನ್ ಹೀಗಿದೆ: 'ಥ್ಯಾಂಕ್' ಇದ್ದು, 'ಆದ್ರೆ' ಇಲ್ಲದೆ, ಇಪ್ಪತ್ತು ಅಕ್ಷರ ಮೀರದಿದ್ದರೆ ಸುಮ್ಮನಿರು. ಕೆಳಗೆ 'ಟಿಕ್ಯೂ', 'ಥಾಂಕ್ಸು', 'ಧನ್ಯವಾದ' ಅಂತ ಬೆಳೆಯುತ್ತಿರುವ ಪಟ್ಟಿ. "ಥ್ಯಾಂಕ್ಸ್, ಸರಿಹೋಗಿಲ್ಲ" ಅನ್ನುವವರು ಇನ್ನೂ ಅದರೊಳಗೆ ಬಂದಿಲ್ಲ.

ರಾಯರನ್ನು ಆಡಿಕೊಳ್ಳುವುದು ಸುಲಭ. ಒಂದು ಒಳ್ಳೆಯ ರೂಲ್ ಎಂಥ ಕೆಲಸ ಮಾಡಬಲ್ಲದು ಅನ್ನುವುದಕ್ಕೆ ಅವರು 'ಭೂಮಿ' ಯೋಜನೆಯ ಉದಾಹರಣೆ ಕೊಡುತ್ತಾರೆ, ಅದು ಸರಿಯಾಗಿಯೇ ಇದೆ. ಕರ್ನಾಟಕದ ಪಹಣಿಗಳು ಕಂಪ್ಯೂಟರಿಗೆ ಏರಿದಾಗ, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು ಅನ್ನುವ ನಿಯಮವನ್ನು ಸಾಫ್ಟ್‌ವೇರಿನೊಳಗೇ ಕೂರಿಸಲಾಯಿತು. ಬೇಕಾದವರ ಕಾಗದವನ್ನು ಮೇಲೆ ತಂದು, ಬೇಡದವರದನ್ನು ಕಟ್ಟಿನ ತಳಕ್ಕೆ ಸೇರಿಸುವ ಹಳೆಯ ಕಸುಬಿಗೆ ಅದು ನೇರ ಕೈ ಹಾಕಿತು. ಆ ರೂಲ್ ಬರೆದವರಿಗೆ ತಾಲ್ಲೂಕು ಕಚೇರಿಯಲ್ಲಿ ಕಡತ ಹೇಗೆ ತಪ್ಪಿಸಿಕೊಳ್ಳುತ್ತದೆ ಅನ್ನುವುದು ಗೊತ್ತಿತ್ತು. ರಾಯರಿಗೆ ಜಿರಾ ಗೊತ್ತು, ಜನ ಗೊತ್ತಿಲ್ಲ.

'ಸಕಾಲ'ದಿಂದಲೂ ಅವರು ಸ್ಫೂರ್ತಿ ಪಡೆದಿದ್ದಾರೆ. 2011ರ ಆ ಕಾಯ್ದೆಯಲ್ಲಿ ಗಡುವು ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ರಾಯರ ಕೈಯಲ್ಲಿ ಖಜಾನೆ ಇಲ್ಲ, ಮೇಲ್ ಇದೆ. ನಾಲ್ಕು ಗಂಟೆ ಟಿಕೆಟ್ ಮುಟ್ಟದಿದ್ದರೆ ಮ್ಯಾನೇಜರಿಗೆ ಮೇಲ್, ಎಂಟು ಗಂಟೆಗೆ ಮ್ಯಾನೇಜರಿನ ಮ್ಯಾನೇಜರಿಗೆ. ಕಮೆಂಟ್ ಬಿದ್ದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಅಂದಿನಿಂದ ಮೂರೂಮುಕ್ಕಾಲು ಗಂಟೆಗೊಮ್ಮೆ ಇಡೀ ಟೀಮ್ ಟೀ ಲೋಟ ಕೆಳಗಿಟ್ಟು, "ನೋಡ್ತಿದ್ದೇವೆ" ಅಂತ ಟೈಪ್ ಮಾಡಿ ಮತ್ತೆ ಲೋಟ ಎತ್ತಿಕೊಳ್ಳುತ್ತದೆ.

ಬಟನ್ ಮಾಯ ಮಾಡುವುದೂ ಅವರಿಗೆ ಪ್ರೀತಿಯ ಕೆಲಸ. ಜಿರಾದ ವರ್ಕ್‌ಫ್ಲೋನಲ್ಲಿ ವ್ಯಾಲಿಡೇಟರ್ ಹಾಕಿದರೆ ಬಟನ್ ಒತ್ತಿದ ಮೇಲೆ ಏನು ತಪ್ಪಾಗಿದೆ ಅಂತ ಬರುತ್ತದೆ. ಕಂಡೀಷನ್ ಹಾಕಿದರೆ ಬಟನ್ನೇ ಕಾಣುವುದಿಲ್ಲ. ರಾಯರ ಆಯ್ಕೆ ಯಾವಾಗಲೂ ಎರಡನೆಯದು.

"ಸಾರ್, ನನಗೆ ಕ್ಲೋಸ್ ಬಟನ್ನೇ ಕಾಣ್ತಿಲ್ಲ."

"ಕಾಣಬಾರದು ಅಂತಲೇ ಮಾಡಿದ್ದಮ್ಮ."

"ಯಾಕೆ ಸಾರ್?"

ಅದನ್ನು ನೋಡಿ ಹೇಳಬೇಕು. ರೂಲುಗಳ ಪಟ್ಟಿ ತೆರೆದರೆ ಪರದೆ ತುಂಬ ಹೆಸರುಗಳು: 'ಬಿಲ್ ಹೊಸದು', 'ಬಿಲ್ ಹೊಸದು ಕಾಪಿ', 'ಕಾಪಿ ಫೈನಲ್', 'ತಾತ್ಕಾಲಿಕ – ಡಿಲೀಟ್ ಮಾಡಬೇಡಿ'. ಕೊನೆಯದನ್ನು ಯಾರು ಬರೆದರೋ, ಆಫ್ ಮಾಡಿದರೆ ಏನು ನಿಲ್ಲುತ್ತದೋ ಗೊತ್ತಿಲ್ಲ. ಹೀಗಾಗಿ ಮುಟ್ಟುವ ಧೈರ್ಯ ರಾಯರಿಗೂ ಇಲ್ಲ.

ಕಳೆದ ಆಡಿಟ್‌ನಲ್ಲಿ, ಬೇಡದ ರೂಲುಗಳನ್ನು ತೆಗೆದುಹಾಕಿ ಅಂತ ಮೇಲಿನವರು ಹೇಳಿದರು. ರಾಯರು ಅದಕ್ಕೂ ಒಂದು ರೂಲ್ ಹಾಕಿದರು: ಪ್ರತಿ ತಿಂಗಳ ಒಂದನೇ ತಾರೀಖು 'ಹಳೆಯ ರೂಲ್ ಪರಿಶೀಲನೆ' ಅಂತ ತಮ್ಮ ಹೆಸರಿಗೆ ಒಂದು ಟಿಕೆಟ್. ಇನ್ನೂರು ಚಿಲ್ಲರೆ ರೂಲುಗಳನ್ನು ಕಾಯುವವರಿಗೆ ಅದನ್ನು ತೆರೆಯುವಷ್ಟು ಪುರಸೊತ್ತೆಲ್ಲಿ? ಹದಿನೈದು ದಿನ ಯಾರೂ ಮುಟ್ಟದ ಟಿಕೆಟ್ಟನ್ನು ತಾನಾಗಿ ಮುಚ್ಚುವ ರೂಲೊಂದನ್ನು ಅವರು ಹಿಂದೆಯೇ ಹಾಕಿಟ್ಟಿದ್ದರು. ಅದು ಹದಿನಾರನೇ ತಾರೀಖು ಬಂದು ಚಾಚೂ ತಪ್ಪದೆ ಮುಚ್ಚುತ್ತದೆ. ಆಡಿಟ್ ಲಾಗಿನಲ್ಲಿ ಎರಡೂ ರೂಲುಗಳ ಮುಂದೆ 'ಸಕ್ಸೆಸ್' ಅಂತ ಇದೆ. ಮ್ಯಾನೇಜ್‌ಮೆಂಟಿಗೆ ಹೋಗುವ ರಿಪೋರ್ಟಿನಲ್ಲಿ ರೂಲ್ ಪರಿಶೀಲನೆ ಪ್ರತಿ ತಿಂಗಳೂ ನೂರಕ್ಕೆ ನೂರು ಪೂರ್ಣ.